ಕ್ರಿಸ್ಮಸ್ ಗೃಹಾಲಂಕಾರ (ಧಾರವಾಡ ಜಿಲ್ಲೆ)

ಕ್ರಿಸ್ಮಸ್ ಗೃಹಾಲಂಕಾರವು ಯೇಸು ಕ್ರಿಸ್ತನ ಜನನದ ಸ್ಮರಣೆಗಾಗಿ ಡಿಸೆಂಬರ್ 25ರಂದು ಆಚರಿಸುವ ಹಬ್ಬದ ನಿಮಿತ್ತ ಮನೆಯನ್ನು ಸಿಂಗರಿಸುವ ಪದ್ಧತಿ. ಗೋದಲಿ, ನಕ್ಷತ್ರ, ಕ್ರಿಸ್ಮಸ್ ಮರ ಮತ್ತು ದೀಪಗಳು ಇದರ ಮುಖ್ಯ ಅಂಗಗಳು. ಕರ್ನಾಟಕದ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಎಲ್ಲ ಅಂಗಗಳನ್ನು ಎರೆಮಣ್ಣು, ಜೋಳದ ದಂಟು, ಹತ್ತಿ, ಮೆಣಸಿನಕಾಯಿ, ಬಿದಿರು ಮುಂತಾದ ಸ್ಥಳೀಯ ಸಾಮಗ್ರಿಗಳಿಂದಲೇ ಸಿದ್ಧಪಡಿಸಬಹುದು. ಈ ಭಾಗದ ಹಳೆಯ ಒಕ್ಕಲುಮನೆಯ ರಚನೆ ಮತ್ತು ಕುರಿಗಾರರ ಜೀವನಕ್ರಮವು ಬೈಬಲಿನ ಕ್ರಿಸ್ತಜನನದ ವೃತ್ತಾಂತಕ್ಕೆ ಬಹಳ ಸಮೀಪವಾಗಿವೆ. ಆದುದರಿಂದ ಇಲ್ಲಿ ಸ್ಥಳೀಯ ಸಾಮಗ್ರಿಯ ಅಲಂಕಾರವನ್ನು ಪೇಟೆಯ ವಸ್ತುಗಳಿಗೆ ಅಗ್ಗದ ಬದಲಿ ಎಂದು ಭಾವಿಸಬೇಕಾಗಿಲ್ಲ.

ಹಿನ್ನೆಲೆ

ಇಂದು ಕ್ರಿಸ್ಮಸ್ಸಿನ ಗುರುತುಗಳೆನಿಸಿರುವ ಅಲಂಕಾರಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದವು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ಎತ್ತು ಮತ್ತು ಕತ್ತೆಗಳನ್ನು ತರಿಸಿ, ಕ್ರಿಸ್ತಜನನದ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದರು. ಗೋದಲಿಯನ್ನು ಕಟ್ಟುವ ಪದ್ಧತಿಯು ಜನಪ್ರಿಯವಾಗಲು ಈ ಘಟನೆ ಕಾರಣವೆಂದು ಹೇಳಲಾಗುತ್ತದೆ. ಕ್ರಿಸ್ಮಸ್ ಮರವು ಜರ್ಮನ್ ಭಾಷಿಕ ಪ್ರದೇಶಗಳ ಕೊಡುಗೆ. ಕಾಗದದಿಂದ ಮಾಡಿ ಒಳಗೆ ದೀಪವಿಡುವ ಬಹುಕೋನದ ನಕ್ಷತ್ರವು 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಮೊರಾವಿಯನ್ ಪಂಥದ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠಕ್ಕಾಗಿ ರೂಪುಗೊಂಡಿತೆಂಬುದು ಪ್ರಚಲಿತ ಅಭಿಪ್ರಾಯ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಷನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತು. ಈ ಸಂಸ್ಥೆಯ ಮಿಷನರಿಗಳಲ್ಲಿ ಬಹುಮಂದಿ ಜರ್ಮನ್ ಭಾಷಿಕರು. ಧಾರವಾಡವು ಇಂದು ಚರ್ಚ್ ಆಫ್ ಸೌತ್ ಇಂಡಿಯಾದ ಉತ್ತರ ಕರ್ನಾಟಕ ಸಭಾಪ್ರಾಂತದ ಕೇಂದ್ರವಾಗಿದೆ. ಜಿಲ್ಲೆಯ ಕಥೋಲಿಕ ಸಭೆಗಳು 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿವೆ. ಸಾಮಾನ್ಯವಾಗಿ ಕಥೋಲಿಕ ಪರಂಪರೆಯಲ್ಲಿ ಗೋದಲಿಗೂ ಜರ್ಮನ್ ಮೂಲದ ಪ್ರಾಟೆಸ್ಟಂಟ್ ಪರಂಪರೆಯಲ್ಲಿ ಮರ ಮತ್ತು ನಕ್ಷತ್ರಗಳಿಗೂ ಪ್ರಾಧಾನ್ಯ ಹೆಚ್ಚು. ಈಗ ಮನೆಗಳಲ್ಲಿ ಈ ಭೇದ ಅಷ್ಟಾಗಿ ಉಳಿದಿಲ್ಲ.

ಗೋದಲಿ ಮತ್ತು ಒಕ್ಕಲುಮನೆ

ದನಕರುಗಳಿಗೆ ಮೇವು ಹಾಕುವ ತೊಟ್ಟಿಗೆ ಕನ್ನಡದಲ್ಲಿ ಗೋದಲಿ ಎಂದು ಹೆಸರು. ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಮರಿಯಳು ಶಿಶುವನ್ನು ಮಲಗಿಸಿದ ಸ್ಥಳಕ್ಕೆ ಕನ್ನಡ ಬೈಬಲಿನಲ್ಲಿ ಇದೇ ಪದವಿದೆ. ಕ್ರಿಸ್ಮಸ್ ಕಾಲದಲ್ಲಿ ಕಟ್ಟುವ ಸಂಪೂರ್ಣ ದೃಶ್ಯಕ್ಕೂ ಗೋದಲಿ ಎಂದೇ ಹೆಸರಾಗಿದೆ. ನಗರವಾಸಿಗಳಿಗೆ ಇದು ಹಬ್ಬಕ್ಕೆ ಮಾತ್ರ ಸಂಬಂಧಿಸಿದ ಪದ. ಆದರೆ ಧಾರವಾಡ ಸೀಮೆಯ ಆಡುನುಡಿಯಲ್ಲಿ 'ಗ್ವಾದಲಿ' ಅಥವಾ 'ಗ್ವಾದ್ಲಿ' ಎಂಬ ರೂಪದಲ್ಲಿ ಇದು ನಿತ್ಯಬಳಕೆಯ ಪದವಾಗಿತ್ತು. ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಈ ಭಾಗದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದನಗಳಿಗೂ ಮನುಷ್ಯರಿಗೂ ಒಂದೇ ಸೂರು. ಹೆಬ್ಬಾಗಿಲನ್ನು ದಾಟಿದೊಡನೆ ತಗ್ಗಿನ ಭಾಗದಲ್ಲಿ ಎತ್ತು, ಆಕಳುಗಳನ್ನು ಕಟ್ಟುವ ಜಾಗ. ಅದಕ್ಕಿಂತ ಎತ್ತರದಲ್ಲಿ ಮನೆಯವರು ಕುಳಿತೇಳುವ, ಮಲಗುವ ಪಡಸಾಲೆ. ಇವೆರಡರ ಸಂಧಿಯಲ್ಲಿ ಗೋದಲಿಯಿರುತ್ತಿತ್ತು. ರಾತ್ರಿ ಪಡಸಾಲೆಯಲ್ಲಿ ಮಲಗಿದವರಿಗೆ ಎತ್ತಿನ ಕೊರಳಗಂಟೆಯ ಸದ್ದೂ ಮೇವು ಮೆಲ್ಲುವ ಸದ್ದೂ ಕೇಳಿಸುತ್ತಿತ್ತು.

ಪ್ರಾಚೀನ ಪ್ಯಾಲೆಸ್ತೀನಿನ ಹಳ್ಳಿಮನೆಯ ವಿನ್ಯಾಸವೂ ಹೀಗೆಯೇ ಇತ್ತೆಂದು ಬೈಬಲ್ ವಿದ್ವಾಂಸ ಕೆನೆತ್ ಬೈಲಿ ಪ್ರತಿಪಾದಿಸಿದ್ದಾರೆ. ಲೂಕನು 'ಸ್ಥಳವಿರಲಿಲ್ಲ' ಎನ್ನುವಾಗ ಬಳಸಿದ ಗ್ರೀಕ್ ಪದ 'ಕತಾಲೂಮ'. ಅದನ್ನು ಛತ್ರವೆಂದು ಅನುವಾದಿಸುವ ವಾಡಿಕೆಯಿದ್ದರೂ ಮನೆಯ ಅತಿಥಿಕೋಣೆ ಎಂಬ ಅರ್ಥವೂ ಅದಕ್ಕಿದೆ. ಅದೇ ಲೂಕನು 22ನೆಯ ಅಧ್ಯಾಯದಲ್ಲಿ ಕೊನೆಯ ಭೋಜನದ ಕೋಣೆಗೆ ಇದೇ ಪದವನ್ನು ಬಳಸಿದ್ದಾನೆ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಛತ್ರಕ್ಕೆ ಬೇರೊಂದು ಪದವನ್ನು ಉಪಯೋಗಿಸಿದ್ದಾನೆ. ಬೈಲಿಯವರ ವ್ಯಾಖ್ಯಾನದ ಪ್ರಕಾರ ಅತಿಥಿಕೋಣೆ ತುಂಬಿದ್ದುದರಿಂದ ಬಡ ಕುಟುಂಬವೊಂದು ತಾನು ವಾಸಿಸುವ ಜಾಗದಲ್ಲಿಯೇ ಆ ದಂಪತಿಗಳಿಗೆ ಆಶ್ರಯ ನೀಡಿತು. ಹತ್ತಿರದಲ್ಲಿದ್ದ ಗೋದಲಿ ಶಿಶುವಿಗೆ ಹಾಸಿಗೆಯಾಯಿತು. ಈ ವ್ಯಾಖ್ಯಾನವನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಪಡಸಾಲೆಯ ಅಂಚಿನಲ್ಲಿ ಗೋದಲಿಯನ್ನು ಕಂಡು ಬೆಳೆದವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಕುರಿಗಾರರ ವಿಷಯದಲ್ಲಿಯೂ ಇಂಥದೇ ಸಾಮ್ಯವಿದೆ. ಸುವಾರ್ತೆಯ ಕುರುಬರು ರಾತ್ರಿಯಲ್ಲಿ ಬಯಲಿನಲ್ಲಿದ್ದು ಹಿಂಡನ್ನು ಕಾಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ರಾತ್ರಿ ಕುರಿಹಿಂಡನ್ನು ತರುಬುವ ಪದ್ಧತಿಯಿದೆ. ಕಂಬಳಿ ಹೊದ್ದು ಕುರಿಗಳ ಬಳಿ ಮಲಗುವ ಕುರಿಗಾರರು ಇಲ್ಲಿನ ಮಕ್ಕಳಿಗೆ ಅಪರಿಚಿತರಲ್ಲ.

ಡಿಸೆಂಬರ್ ತಿಂಗಳ ಸಾಮಗ್ರಿಗಳು

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲ್ಲೂಕುಗಳ ಬಹುಭಾಗ ಎರೆಭೂಮಿ. ಕಲಘಟಗಿಯು ಮಲೆನಾಡಿನ ಸೆರಗಿನಲ್ಲಿದ್ದು ಅಲ್ಲಿ ಕಾಡು ಮತ್ತು ಬಿದಿರು ಇವೆ. ಡಿಸೆಂಬರ್ ತಿಂಗಳಲ್ಲಿ ಎರೆಭೂಮಿಯ ಹೊಲಗಳಲ್ಲಿ ಹಿಂಗಾರಿಯ ಜೋಳ, ಗೋಧಿ, ಕಡಲೆ ಮತ್ತು ಕುಸುಬೆ ಬೆಳೆದು ನಿಂತಿರುತ್ತವೆ. ಹತ್ತಿಯ ಬಿಡಿಸುವಿಕೆ ನಡೆದಿರುತ್ತದೆ. ಕೆಂಪಾದ ಬ್ಯಾಡಗಿ ಮೆಣಸಿನಕಾಯಿ ಕಣಗಳಿಗೆ ಬರತೊಡಗುತ್ತದೆ. ಕ್ರಿಸ್ಮಸ್ಸಿನ ಬಣ್ಣಗಳೆಂದು ಲೋಕವೆಲ್ಲ ಒಪ್ಪಿರುವ ಕೆಂಪು, ಹಸಿರು, ಬಿಳಿಗಳು ಇಲ್ಲಿ ಹೊಲದಲ್ಲಿಯೇ ಇವೆ. ಹಿಂದಿನ ವರ್ಷದ ಕಣಕಿಯ ಬಣವೆಯಿಂದ ಒಣ ಜೋಳದ ದಂಟು ಸಿಗುತ್ತದೆ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬೆಂಡು ದೊರೆಯುತ್ತದೆ. ಹಳ್ಳಿಯ ಮಕ್ಕಳು ಈ ಬೆಂಡಿಗೆ ಸಿಪ್ಪೆಯ ಸಿಬಿರುಗಳನ್ನು ಚುಚ್ಚಿ ಬಂಡಿ, ಕನ್ನಡಕ ಮುಂತಾದ ಆಟಿಕೆಗಳನ್ನು ಮಾಡುತ್ತ ಬಂದಿದ್ದಾರೆ. ಥರ್ಮೋಕೋಲಿನಿಂದ ಮಾಡುವ ಬಹುತೇಕ ಸಣ್ಣ ಕೆಲಸಗಳನ್ನು ಬೆಂಡಿನಿಂದ ಮಾಡಬಹುದು.

ಗೋದಲಿಯ ರಚನೆ

ಮೂರ್ತಿಗಳು: ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನಿಂದ ಎತ್ತುಗಳನ್ನೂ ಅವುಗಳಿಗೊಂದು ಪುಟ್ಟ ಗೋದಲಿಯನ್ನೂ ಮಾಡಿ ಪೂಜಿಸುತ್ತಾರೆ. ಆದುದರಿಂದ ಎತ್ತು ಮತ್ತು ಗೋದಲಿಯನ್ನು ಮಾಡುವ ಕೈಗುಣ ಈ ಭಾಗದಲ್ಲಿ ಮೊದಲೇ ಇದೆ. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ; ಒಣಗುವಾಗ ಕುಗ್ಗಿ ಬಿರಿಯುತ್ತದೆ. ಇದನ್ನು ತಡೆಯಲು ಸುಮಾರು ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಣಿಸಿದ ಉಸುಕನ್ನೂ ಸ್ವಲ್ಪ ಹಿಂಜಿದ ಹತ್ತಿಯನ್ನೂ ಸೇರಿಸಿ ಚೆನ್ನಾಗಿ ನಾದಬೇಕು. ಮೂರ್ತಿಗಳನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಮಾಡಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಳಿ ಬಣ್ಣಕ್ಕೆ ಸುಣ್ಣವನ್ನೂ ಕೆಂಪಿಗೆ ಕೆಮ್ಮಣ್ಣನ್ನೂ ಬಳಸಬಹುದು. ಮಗು ಯೇಸು, ಮರಿಯ, ಜೋಸೆಫ್, ಕುರುಬರು, ಕುರಿಗಳು ಮತ್ತು ಮೂವರು ಜೋಯಿಸರು ದೃಶ್ಯದ ಮುಖ್ಯ ಪಾತ್ರಗಳು. ಎತ್ತು ಮತ್ತು ಕತ್ತೆಗಳ ಉಲ್ಲೇಖ ಲೂಕನ ವೃತ್ತಾಂತದಲ್ಲಿ ಇಲ್ಲ. ಯೆಶಾಯನ ಪ್ರವಾದನ ಗ್ರಂಥದ 1ನೆಯ ಅಧ್ಯಾಯದಲ್ಲಿ ಎತ್ತು ಮತ್ತು ಕತ್ತೆ ತಮ್ಮ ಒಡೆಯನನ್ನು ಅರಿತಿವೆ ಎಂಬರ್ಥದ ಮಾತಿದ್ದು, ಅದರ ಪ್ರಭಾವದಿಂದ ಇವು ದೃಶ್ಯದೊಳಗೆ ಬಂದವು.

ಮನೆ: ಹಿಮ ಬಿದ್ದ ಮರದ ಗುಡಿಸಲನ್ನು ನಿರ್ಮಿಸುವುದು ಐರೋಪ್ಯ ಚಿತ್ರಗಳ ಅನುಕರಣೆ. ಬೇತ್ಲೆಹೇಮ್ ಮಳೆ ಕಡಿಮೆಯಿರುವ, ಸುಣ್ಣಕಲ್ಲಿನ ಗುಡ್ಡಗಳ ಪ್ರದೇಶ. ಅಲ್ಲಿ ಹಿಮ ಅಪರೂಪ. ಆದುದರಿಂದ ಹಲಗೆಯೊಂದರ ಮೇಲೆ ಮಣ್ಣಿನ ಗೋಡೆಯ, ಜೋಳದ ದಂಟಿನ ತೊಲೆಗಳ, ಮಣ್ಣು ಮೆತ್ತಿದ ಮಾಳಿಗೆಯ ಮನೆಯನ್ನು ಕಟ್ಟಿದರೆ ಅದು ಮೂಲಕ್ಕೆ ಹೆಚ್ಚು ಸಮೀಪವಾಗುತ್ತದೆ. ಮುಂಭಾಗವನ್ನು ತೆರೆದಿಟ್ಟು, ಒಳಗೆ ತಗ್ಗಿನ ಭಾಗ ಮತ್ತು ಪಡಸಾಲೆ ಎಂಬ ಎರಡು ಮಟ್ಟಗಳನ್ನು ಮಾಡಿ, ನಡುವಿನ ಅಂಚಿನಲ್ಲಿ ಗೋದಲಿಯನ್ನಿರಿಸಬೇಕು. ಕಣಕಿಯ ಸಣ್ಣ ಚೂರುಗಳೇ ಅದರ ಹಾಸಿಗೆ.

ಹಸಿರು: ಗೋದಲಿಯ ಮುಂದಿನ ಹೊಲವನ್ನು ಮೊಳಕೆಯ ಪೈರಿನಿಂದ ರಚಿಸುವುದು ಕರ್ನಾಟಕದ ಅನೇಕ ಕಡೆ ರೂಢಿಯಲ್ಲಿದೆ. ಕರಾವಳಿ ಮತ್ತು ಬೆಂಗಳೂರಿನ ಕಡೆ ಇದಕ್ಕೆ ರಾಗಿಯನ್ನು ಬಳಸುವುದುಂಟು. ಧಾರವಾಡದ ಡಿಸೆಂಬರ್ ಚಳಿಗೆ ಗೋಧಿ ಹೆಚ್ಚು ಅನುಕೂಲ. ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಿಗೆ ಈ ಕ್ರಮ ಹೊಸದಲ್ಲ. ಗೋಧಿಯನ್ನು ಒಂದು ರಾತ್ರಿ ನೆನೆಯಿಟ್ಟು, ಡಿಸೆಂಬರ್ 13 ಅಥವಾ 14ರ ಹೊತ್ತಿಗೆ ತೂತುಳ್ಳ ತಟ್ಟೆಯಲ್ಲಿ ಎರಡು ಅಂಗುಲ ಮಣ್ಣು ಮತ್ತು ಗೊಬ್ಬರ ಹರಡಿ ಒತ್ತಾಗಿ ಬಿತ್ತಬೇಕು. ಮೊಳಕೆ ಕಾಣಿಸಿದ ಮೇಲೆ ಬೆಳಕಿಗೆ ಇಡಬೇಕು. ಕತ್ತಲಲ್ಲಿಯೇ ಉಳಿದರೆ ಪೈರು ಹಳದಿಯಾಗುತ್ತದೆ. ನೀರನ್ನು ಸುರಿಯದೆ ಚಿಮುಕಿಸಬೇಕು.

ನಕ್ಷತ್ರ

ಮತ್ತಾಯನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಮೂಡಣದ ಜೋಯಿಸರಿಗೆ ದಾರಿ ತೋರಿದ ನಕ್ಷತ್ರದ ಸಂಕೇತವಾಗಿ ಮನೆಯ ಮುಂದೆ ಕಾಗದದ ನಕ್ಷತ್ರವನ್ನು ತೂಗುಹಾಕುತ್ತಾರೆ. ದೀಪಾವಳಿಯ ಆಕಾಶಬುಟ್ಟಿಯನ್ನು ಕಟ್ಟಬಲ್ಲವರು ಇದನ್ನು ಸುಲಭವಾಗಿ ಕಟ್ಟಬಲ್ಲರು. ಐದು ಮೂಲೆಯ ನಕ್ಷತ್ರಕ್ಕೆ ಬೇಕಾಗುವುದು 60 ಸೆಂ.ಮೀ. ಉದ್ದದ 10 ತೆಳು ಬಿದಿರಿನ ಕಡ್ಡಿಗಳು ಮತ್ತು ಸುಮಾರು 12 ಸೆಂ.ಮೀ. ಉದ್ದದ 5 ಗಿಡ್ಡ ಕಡ್ಡಿಗಳು.

1. ಪ್ರತಿಯೊಂದು ಉದ್ದ ಕಡ್ಡಿಯ ಮೇಲೆ ಎರಡೂ ತುದಿಗಳಿಂದ ಸುಮಾರು 23 ಸೆಂ.ಮೀ. ದೂರದಲ್ಲಿ ಗುರುತು ಮಾಡಬೇಕು. ನಕ್ಷತ್ರವು ಸಮನಾಗಿದ್ದರೆ ಕಡ್ಡಿಗಳು ಈ ಗುರುತುಗಳಲ್ಲಿಯೇ ಒಂದನ್ನೊಂದು ದಾಟುತ್ತವೆ. ಆಗ ಪ್ರತಿ ಮೂಲೆಯ ಕೋನ 36 ಅಂಶಗಳಷ್ಟಿರುತ್ತದೆ.
2. ಐದು ಕಡ್ಡಿಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ತುದಿಗಳನ್ನು ದಾರದಿಂದ ಬಿಗಿಯಬೇಕು. ಉಳಿದ ಐದರಿಂದ ಇನ್ನೊಂದು ನಕ್ಷತ್ರವನ್ನು ಮಾಡಬೇಕು.
3. ಎರಡನ್ನೂ ಒಂದರ ಮೇಲೊಂದಿರಿಸಿ ಐದು ತುದಿಗಳಲ್ಲಿ ಮಾತ್ರ ಕಟ್ಟಬೇಕು.
4. ಒಳಗಿನ ಐದು ಸಂಧಿಗಳಲ್ಲಿ ಗಿಡ್ಡ ಕಡ್ಡಿಗಳನ್ನು ಅಡ್ಡವಾಗಿ ಸಿಕ್ಕಿಸಿ ಕಟ್ಟಿದಾಗ ನಕ್ಷತ್ರವು ಉಬ್ಬಿ ನಿಲ್ಲುತ್ತದೆ.
5. ಮೈದಾ ಅಂಟಿನಿಂದ ಬಣ್ಣದ ತೆಳು ಕಾಗದವನ್ನು ಅಂಟಿಸಬೇಕು. ಎರಡು ಮೂಲೆಗಳ ನಡುವೆ ಒಂದು ಕಡೆ ಕೈ ಹೋಗುವಷ್ಟು ಜಾಗವನ್ನು ತೆರೆದಿಟ್ಟು ಅದರ ಮೂಲಕ ಸಣ್ಣ ಎಲ್‌ಇಡಿ ದೀಪವನ್ನು ಇಳಿಬಿಡಬೇಕು.

ಹಂದರ ಗಟ್ಟಿಯಾಗಿದ್ದರೆ ಪ್ರತಿವರ್ಷ ಕಾಗದವನ್ನಷ್ಟೇ ಬದಲಿಸಿದರೆ ಸಾಕು.

ಮರ

ಯೂರೋಪಿನ ಫರ್ ಮತ್ತು ಸ್ಪ್ರೂಸ್ ಮರಗಳು ಬಯಲುಸೀಮೆಯಲ್ಲಿ ಬೆಳೆಯುವುದಿಲ್ಲ. ಕರ್ನಾಟಕದಲ್ಲಿ ಅವುಗಳ ಬದಲಿಗೆ ಸೂಜಿಯಂಥ ಎಳೆಗಳುಳ್ಳ ಸರ್ವೆ ಮರದ ಕೊಂಬೆಯನ್ನು ಬಳಸುವುದು ವಾಡಿಕೆ. ಅಂಗಳದಲ್ಲಿಯೋ ಕುಂಡದಲ್ಲಿಯೋ ಇರುವ ಜೀವಂತ ಗಿಡವನ್ನೇ ಸಿಂಗರಿಸುವುದು ಇನ್ನೂ ಉತ್ತಮ. ಒಣಗಿ ಬಿದ್ದ ಜಾಲಿ ಅಥವಾ ಬಾರೆಯ ಕೊಂಬೆಗೆ ಸುಣ್ಣ ಬಳಿದು, ಮಣ್ಣಿನ ಗಡಿಗೆಯಲ್ಲಿ ನಿಲ್ಲಿಸಿ, ಮುಳ್ಳುಗಳ ತುದಿ ಮುರಿದು, ಅರಳಿದ ಹತ್ತಿಯ ಕಾಯಿಗಳನ್ನು ಕಟ್ಟಬಹುದು. ಗೋಡೆಗೆ ಒರಗಿಸುವ ಮರವನ್ನು ಜೋಳದ ದಂಟುಗಳಿಂದ ಮಾಡಬಹುದು: ದಂಟುಗಳನ್ನು ಕೆಳಗಿನಿಂದ ಮೇಲಕ್ಕೆ ಕಿರಿದಾಗುವಂತೆ ಅಡ್ಡಲಾಗಿ ಜೋಡಿಸಿ ಹುರಿಯಿಂದ ಕಟ್ಟಿದರೆ ತ್ರಿಕೋನಾಕಾರದ ಹಂದರ ಸಿದ್ಧವಾಗುತ್ತದೆ. ಅದಕ್ಕೆ ಬೆಂಡಿನ ಚಿಕ್ಕ ನಕ್ಷತ್ರಗಳು, ಜೋಳದ ತೆನೆಗಳು ಮತ್ತು ಬಣ್ಣದ ಬಟ್ಟೆಯ ಚೂರುಗಳನ್ನು ತೂಗಿಬಿಡಬಹುದು.

ಹೊಸ್ತಿಲು ಮತ್ತು ಪಡಸಾಲೆ

ಮಾವಿನೆಲೆಯ ತೋರಣದ ನಡುನಡುವೆ ಒಣ ಮೆಣಸಿನಕಾಯಿಯನ್ನು ಪೋಣಿಸಿದರೆ ಕೆಂಪು ಹಸಿರಿನ ಮಾಲೆಯಾಗುತ್ತದೆ. ಘಾಟಿನ ಕಾರಣ ಇದನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಕಟ್ಟಬೇಕು. ಅಂಗಳದ ರಂಗೋಲಿಯಲ್ಲಿ ನಕ್ಷತ್ರ, ದೀಪ, ಗಂಟೆಗಳ ಆಕೃತಿಗಳನ್ನು ಬಿಡಿಸಬಹುದು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಗೋದಲಿಯ ಹಿಂದೆ ತೆರೆಯಂತೆ ಇಳಿಬಿಡಬಹುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ನವಲಗುಂದದ ಹತ್ತಿಯ ಜಮಖಾನವಿರುವ ಮನೆಗಳಲ್ಲಿ ಅದನ್ನು ಬಂದವರಿಗೆ ಹಾಸಬಹುದು.

ಕಲಘಟಗಿಯು ಬಣ್ಣದ ಚಿತ್ರಗಳುಳ್ಳ ಮರದ ತೊಟ್ಟಿಲುಗಳಿಗೆ ಪ್ರಸಿದ್ಧ. ತವರಿನವರು ಮಗುವಿಗೆ ಕಲಘಟಗಿಯ ತೊಟ್ಟಿಲನ್ನು ಕೊಡುವುದು ಈ ಸೀಮೆಯಲ್ಲಿ ಹೆಮ್ಮೆಯ ಸಂಗತಿ. ಇಂಥ ತೊಟ್ಟಿಲು ಮನೆಯಲ್ಲಿದ್ದರೆ ಅದನ್ನು ಗೋದಲಿಯ ಪಕ್ಕದಲ್ಲಿ ಬರಿದಾಗಿ ಇರಿಸಬಹುದು. ಚಿತ್ತಾರದ ತೊಟ್ಟಿಲಿನ ಪಕ್ಕದಲ್ಲಿ ಮೇವಿನ ತೊಟ್ಟಿಯಲ್ಲಿ ಮಲಗಿದ ಶಿಶುವನ್ನು ಕಂಡ ಮಕ್ಕಳು ಕಾರಣವನ್ನು ಕೇಳಿಯೇ ಕೇಳುತ್ತಾರೆ. ಕಥೆ ಅಲ್ಲಿಂದ ಆರಂಭವಾಗುತ್ತದೆ.

ಕಾಲಕ್ರಮ

ಕ್ರಿಸ್ಮಸ್ಸಿನ ಪೂರ್ವದ ನಾಲ್ಕು ಭಾನುವಾರಗಳನ್ನೊಳಗೊಂಡ ಸಿದ್ಧತೆಯ ಕಾಲಕ್ಕೆ ಆಗಮನ ಕಾಲವೆಂದು ಹೆಸರು. ಅದರ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಮೂರ್ತಿಗಳನ್ನು ಡಿಸೆಂಬರ್ ಮೊದಲ ವಾರದಲ್ಲಿ ಮಾಡಿದರೆ ಒಣಗಲು ಸಾಕಷ್ಟು ಸಮಯ ದೊರೆಯುತ್ತದೆ. ನಕ್ಷತ್ರವನ್ನು ಸಾಮಾನ್ಯವಾಗಿ ಡಿಸೆಂಬರ್ ತಿಂಗಳಲ್ಲಿ ಏರಿಸುತ್ತಾರೆ. ಗೋದಲಿಯನ್ನು ಮೊದಲೇ ಕಟ್ಟಿದರೂ ಮಗುವಿನ ಮೂರ್ತಿಯನ್ನು ಡಿಸೆಂಬರ್ 24ರ ರಾತ್ರಿ ಇರಿಸುವುದು ಪದ್ಧತಿ. ಮೂವರು ಜೋಯಿಸರನ್ನು ದಿನಕ್ಕಿಷ್ಟು ಸರಿಸುತ್ತ ಬಂದು ಜನವರಿ 6ರಂದು, ಅಂದರೆ ಪ್ರಭುಪ್ರಕಾಶನದ ಹಬ್ಬದ ದಿನ, ಗೋದಲಿಯ ಮುಂದೆ ನಿಲ್ಲಿಸುವ ಮನೆಗಳೂ ಇವೆ. ಆ ಬಳಿಕ ಅಲಂಕಾರವನ್ನು ತೆಗೆಯುತ್ತಾರೆ. ಗೋಧಿಯ ಪೈರು ದನಗಳ ಮೇವಾಗುತ್ತದೆ. ಮಣ್ಣಿನ ಗೋಡೆಗಳು ಮಣ್ಣಿಗೆ ಸೇರುತ್ತವೆ. ಮೂರ್ತಿಗಳನ್ನೂ ನಕ್ಷತ್ರದ ಹಂದರವನ್ನೂ ಮುಂದಿನ ವರ್ಷಕ್ಕೆ ಕಾದಿಡಬಹುದು.

ಪರಿಸರ ಮತ್ತು ಸುರಕ್ಷತೆ

ಭಾರತ ಸರ್ಕಾರವು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಅನ್ವಯ 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮೋಕೋಲಿನ ಉತ್ಪಾದನೆ, ಮಾರಾಟ ಮತ್ತು ಬಳಕೆ ನಿಷಿದ್ಧವಾಗಿವೆ. ಮಿನುಗುವ ಪ್ಲಾಸ್ಟಿಕ್ ಎಳೆಗಳು ಹಬ್ಬದ ನಂತರ ತಿಪ್ಪೆಗೆ ಸೇರಿ ದನಗಳ ಹೊಟ್ಟೆಯನ್ನು ಸೇರುವ ಅಪಾಯವಿದೆ. ದನದ ಮೇವಿನ ತೊಟ್ಟಿಯನ್ನು ಗೌರವಿಸುವ ಹಬ್ಬದಲ್ಲಿ ಇದು ಸಲ್ಲದು.

ಹತ್ತಿ, ಕಣಕಿ ಮತ್ತು ಕಾಗದ ಮೂರೂ ಬೇಗನೆ ಬೆಂಕಿ ಹಿಡಿಯುವ ವಸ್ತುಗಳು. ಆದುದರಿಂದ ಗೋದಲಿಯ ಒಳಗಾಗಲಿ ನಕ್ಷತ್ರದ ಒಳಗಾಗಲಿ ಮೇಣದ ಬತ್ತಿ, ಎಣ್ಣೆಯ ದೀಪಗಳನ್ನು ಇಡಬಾರದು. ಹಣತೆಗಳನ್ನು ದೂರದಲ್ಲಿ, ಮಣ್ಣಿನ ತಟ್ಟೆಯ ಮೇಲಿರಿಸಬೇಕು. ಬಿಸಿಯಾಗುವ ಹಳೆಯ ತಂತಿಬಲ್ಬುಗಳ ಬದಲು ಎಲ್‌ಇಡಿ ದೀಪಗಳನ್ನು ಬಳಸಬೇಕು. ಪೈರಿಗೆ ನೀರು ಚಿಮುಕಿಸುವ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಬಣವೆಗಳಿರುವ ಹಿತ್ತಲಿನ ಕಡೆ ಪಟಾಕಿ ಹಾರಿಸಬಾರದು.

ಇಂದಿನ ಸ್ಥಿತಿ

ಟ್ರ್ಯಾಕ್ಟರ್ ಬಳಕೆ ಹೆಚ್ಚಿದಂತೆ ಹಳ್ಳಿಗಳಲ್ಲಿ ಎತ್ತುಗಳು ಕಡಿಮೆಯಾಗಿವೆ. ಹೊಸದಾಗಿ ಕಟ್ಟುವ ಸಿಮೆಂಟಿನ ಮನೆಗಳ ಒಳಗೆ ದನ ಕಟ್ಟುವ ಜಾಗವಿರುವುದಿಲ್ಲ. ಆದುದರಿಂದ ಗೋದಲಿಯೂ ಇಲ್ಲ. ಒಂದು ಕಾಲಕ್ಕೆ ಈ ಸೀಮೆಯ ಮಗುವಿಗೆ ವಿವರಣೆ ಬೇಡದಿದ್ದ ಪದವನ್ನು ಇಂದು ಚಿತ್ರದ ಮೂಲಕ ತಿಳಿಸಬೇಕಾಗಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಪುಟ್ಟ ಗೋದಲಿ ಮತ್ತು ಕ್ರಿಸ್ಮಸ್ಸಿನ ಗೋದಲಿ ಎರಡೂ ಆ ವಸ್ತುವಿನ ಆಕಾರವನ್ನು ಉಳಿಸಿಕೊಂಡು ಬಂದಿವೆ.

ಹಳೆಯ ಮನೆ ಇನ್ನೂ ಉಳಿದಿರುವ ಊರುಗಳಲ್ಲಿ ಮನೆಯ ಹಿರಿಯರಿಂದ ಅದರ ಅಳತೆ ಮತ್ತು ವಿನ್ಯಾಸವನ್ನು ಕೇಳಿ, ಅದನ್ನೇ ಚಿಕ್ಕದಾಗಿ ಕಟ್ಟುವುದು ಮಕ್ಕಳಿಗೆ ಒಳ್ಳೆಯ ಚಟುವಟಿಕೆ. ಯಾವ ಧರ್ಮದ ಮನೆಯವರೇ ಆಗಲಿ, ತಮ್ಮ ಅಜ್ಜನ ಮನೆಯಲ್ಲಿ ಎತ್ತುಗಳು ಎಲ್ಲಿ ನಿಲ್ಲುತ್ತಿದ್ದವು, ಗೋದಲಿ ಎಷ್ಟು ಎತ್ತರವಿತ್ತು ಎಂಬುದನ್ನು ಬಲ್ಲ ಒಬ್ಬರಾದರೂ ಊರಿನಲ್ಲಿರುತ್ತಾರೆ. ಅವರನ್ನು ಕೇಳಿ ಕಟ್ಟಿದ ಗೋದಲಿಯಲ್ಲಿ ಹಬ್ಬದ ಕಥೆಯ ಜೊತೆಗೆ ಊರಿನ ಮನೆಯ ನೆನಪೂ ಉಳಿಯುತ್ತದೆ.

ಇವನ್ನೂ ನೋಡಿ

ಕ್ರಿಸ್ಮಸ್
ಮಣ್ಣೆತ್ತಿನ ಅಮಾವಾಸ್ಯೆ
ಬಾಸೆಲ್ ಮಿಷನ್
ಆಕಾಶಬುಟ್ಟಿ
ಕಲಘಟಗಿ